ಸ್ಪಷ್ಟನೆ: ಆರ್ಮ್ ಲ್ಯಾಪ್‌ಟಾಪಿನಲ್ಲಿ ಇಂಟೆಲ್ ಪ್ರೋಗ್ರಾಂ ತೆವಳುತ್ತದೆಯೇ?

ತುಮಕೂರಿನ ಇಂಜಿನಿಯರಿಂಗ್ ಹುಡುಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಸುತ್ತುತ್ತಿದೆ: "ಆರ್ಮ್ ಚಿಪ್ ಲ್ಯಾಪ್‌ಟಾಪ್ ತಗೋಬೇಡಿ, ಇಂಟೆಲ್ ಪ್ರೋಗ್ರಾಮಿನ ಒಂದೊಂದು ಸೂಚನೆಯನ್ನೂ ಪ್ರತಿ ಸಲ ಹೊಸದಾಗಿ ಅನುವಾದಿಸುತ್ತೆ." ಇದು ತಪ್ಪು.

ಇಂಟೆಲ್ ಮತ್ತು ಆರ್ಮ್ ಚಿಪ್‌ಗಳ ಸೂಚನಾ ಭಾಷೆ ಬೇರೆ ಬೇರೆ; ಒಂದರ ಪ್ರೋಗ್ರಾಂ ಇನ್ನೊಂದರಲ್ಲಿ ಓಡಲು ಅನುವಾದ ಬೇಕು. ಪ್ರೋಗ್ರಾಂ ಓಡುತ್ತಿರುವಾಗಲೇ ಈ ಕೆಲಸ ಮಾಡುವ ತಂತ್ರಾಂಶವಾದ ಡೈನಾಮಿಕ್ ಬೈನರಿ ಅನುವಾದಕ ಸೂಚನೆಗಳ ಒಂದು ತುಂಡನ್ನು ಒಮ್ಮೆ ಅನುವಾದಿಸಿ ಕ್ಯಾಶ್‌ನಲ್ಲಿ (ಮತ್ತೆ ಬಳಸಲು ತೆಗೆದಿಡುವ ಮೆಮೊರಿ ಜಾಗದಲ್ಲಿ) ಇಟ್ಟುಕೊಳ್ಳುತ್ತದೆ. ಲೂಪ್ ಲಕ್ಷ ಸಲ ತಿರುಗಿದರೂ ಓಡುವುದು ಅದೇ ತುಂಡು. ತುಂಡಿನ ಕೊನೆಯನ್ನು ಮುಂದಿನದಕ್ಕೆ ನೇರ ಜೋಡಿಸುವುದೂ ಉಂಟು. ಪ್ರೋಗ್ರಾಮರ್ ಫ್ಯಾಬ್ರಿಸ್ ಬೆಲ್ಲಾರ್ಡ್ ಅವರ ಇಂಥದೇ ಅನುವಾದಕ ಕ್ಯೂಎಮು (QEMU) 2005ರಲ್ಲೇ ಹೀಗೆ ಮಾಡುತ್ತಿತ್ತು! 2020ರಲ್ಲಿ ಬಂದ ಆಪಲ್‌ನ ಅನುವಾದಕ ರೊಸೆಟ್ಟಾ 2 ಬಹುಪಾಲು ಕೋಡನ್ನು ಓಡಿಸುವ ಮೊದಲೇ ಅನುವಾದಿಸಿಬಿಡುತ್ತದೆ.

ಹಾಗಂತ ಹೊರೆಯೇ ಇಲ್ಲ ಅಂತಲ್ಲ. ಫಂಕ್ಷನ್ ಮುಗಿದ ಮೇಲೆ ಮರಳಬೇಕಾದ ವಿಳಾಸ ಓಡುವಾಗಷ್ಟೇ ಗೊತ್ತಾಗುತ್ತದೆ. ಆ ವಿಳಾಸದ ಅನುವಾದಿತ ತುಂಡು ಎಲ್ಲಿದೆ ಎಂದು ಪ್ರತಿ ಸಲ ಕೋಷ್ಟಕದಲ್ಲಿ ಹುಡುಕಬೇಕು. ನನ್ನ ಪ್ರಕಾರ ನಿಜವಾದ ತಲೆನೋವು ಇದೇ. ಇಂಟೆಲ್‌ನ ಮೆಮೊರಿ ಕ್ರಮವೂ (ಮೆಮೊರಿಯ ಓದು-ಬರಹ ಯಾವ ಸರದಿಯಲ್ಲಿ ಕಾಣಬೇಕು ಎಂಬ ನಿಯಮ) ಆರ್ಮ್‌ಗಿಂತ ಬಿಗಿ. ಅದನ್ನು ಕಾಪಾಡಲು ಹೆಚ್ಚುವರಿ ಸೂಚನೆ ಬೇಕು; ಆಪಲ್ ಅದಕ್ಕೆ ಚಿಪ್‌ನಲ್ಲೇ ವ್ಯವಸ್ಥೆ ಇಟ್ಟಿದೆ.

ಕೊಳ್ಳುವ ಮುನ್ನ ವಿಚಾರಿಸಬೇಕಾದ್ದು ಬೇರೆ: ಲ್ಯಾಬ್ ಬೋರ್ಡಿನ ಡ್ರೈವರ್ (ಬೋರ್ಡನ್ನು ನಡೆಸುವ ತಂತ್ರಾಂಶ) ಆರ್ಮ್‌ಗೆ ಸಿಗುತ್ತದೆಯೇ? ವಿಂಡೋಸ್‌ನ ಅನುವಾದಕ ಕರ್ನಲ್ ಡ್ರೈವರ್‌ಗಳನ್ನು, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿನಲ್ಲೇ ಓಡುವ ಡ್ರೈವರ್‌ಗಳನ್ನು, ಮುಟ್ಟುವುದಿಲ್ಲ.