ಸಂಘದ ಭಾನುವಾರಕ್ಕೆ ಡಾಕ್ಯುಮೆಂಟರಿ ಬೇಕಾ?

ಮುಂಬೈಯ ಕನ್ನಡ ಸಂಘಗಳ ತಿಂಗಳ ಕಾರ್ಯಕ್ರಮ ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತು. ಭಾವಗೀತೆ, ತಾಳಮದ್ದಳೆ, ಸನ್ಮಾನ, ಊಟ. ಇದರಲ್ಲಿ ಒಂದು ಭಾನುವಾರ ಸಾಯಂಕಾಲ ಹಾಲ್‌ನಲ್ಲಿ ಡಾಕ್ಯುಮೆಂಟರಿ ಹಾಕಬೇಕು ಅನ್ನುವುದು ಕೆಲವರ ಆಸೆ. ಬೇಡವೇ ಬೇಡ ಅನ್ನುವವರೂ ಇದ್ದಾರೆ. ಇಬ್ಬರ ಮಾತೂ ಇಲ್ಲಿದೆ.

ಪರ: ಒಟ್ಟಿಗೆ ಕೂತರೇ ಮಾತು ಹುಟ್ಟುವುದು

ಡಾಕ್ಯುಮೆಂಟರಿ ಅಂದ ಕೂಡಲೇ ನಮ್ಮವರ ಮುಖ ಸಣ್ಣಗಾಗುತ್ತದೆ. ಹುಲಿ ಜಿಂಕೆಯನ್ನು ಹಿಡಿಯುವುದು, ಇಲ್ಲಾಂದ್ರೆ ಯಾವುದೋ ಅಣೆಕಟ್ಟಿನ ಉದ್ಘಾಟನೆ. ಇವೆರಡೇ ಅವರ ತಲೆಯಲ್ಲಿರುವುದು. ನಾವು ದಿನಾ ಓಡಾಡುವ ಈ ಊರಿನ ಬಗ್ಗೆಯೇ ಎಷ್ಟು ಒಳ್ಳೆಯ ಚಿತ್ರಗಳಿವೆ ಅನ್ನುವುದು ನಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲ.

ಮೊದಲು ಹಾಕಬೇಕಾದ್ದು ಪರೋಮಿತಾ ವೋಹ್ರಾ ಅವರ 'ಕ್ಯೂ ಟು ಪಿ', 2006ರದ್ದು. ವಿಷಯ ಶೌಚಾಲಯ. ನಗಬೇಡಿ. ಮುಂಬೈಯನ್ನು ಶಾಂಘೈ ಮಾಡುತ್ತೇವೆ ಅಂತ ಎಲ್ಲರೂ ಮಾತಾಡುತ್ತಿದ್ದ ಕಾಲ ಅದು. ಅಂಥ ಊರಲ್ಲಿ ಹೆಂಗಸರು ಎಲ್ಲಿಗೆ ಹೋಗಬೇಕು ಅಂತ ಈ ಚಿತ್ರ ಕೇಳುತ್ತದೆ. ಡೊಂಬಿವಲಿಯಿಂದ ಬೆಳಗ್ಗೆ ಫಾಸ್ಟ್ ಲೋಕಲ್ ಹಿಡಿಯುವ ನಮ್ಮ ಹೆಂಗಸರು ಮನೆ ಬಿಡುವಾಗ ಅರ್ಧ ಲೋಟ ನೀರು ಕುಡಿದು ಉಳಿದದ್ದನ್ನು ಸಿಂಕಿಗೆ ಚೆಲ್ಲುತ್ತಾರೆ. ಯಾಕೆ ಅಂತ ಅದೇ ಮನೆಯ ಗಂಡಸರಿಗೆ ಗೊತ್ತಿರುವುದಿಲ್ಲ. ಇಂಥ ಚಿತ್ರವನ್ನು ಹೆಂಡತಿ ತನ್ನ ಫೋನಿನಲ್ಲಿ ಒಬ್ಬಳೇ ನೋಡಿ ಏನು ಪ್ರಯೋಜನ? ಗಂಡನೂ ಪಕ್ಕದ ಕುರ್ಚಿಯಲ್ಲಿ ಇರಬೇಕು.

ಎರಡನೆಯದು 'ಸಾಚಾ'. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿದ್ದ ಅಂಜಲಿ ಮೊಂತೇರೋ ಮತ್ತು ಕೆ.ಪಿ. ಜಯಶಂಕರ್ 2001ರಲ್ಲಿ ಮಾಡಿದ್ದು. ಒಂದು ಗಂಟೆಯೂ ಇಲ್ಲ. ಕವಿ ನಾರಾಯಣ ಸುರ್ವೆ, ಚಿತ್ರಕಾರ ಸುಧೀರ್ ಪಟವರ್ಧನ್, ಇವರಿಬ್ಬರ ಮೂಲಕ ಬಟ್ಟೆ ಗಿರಣಿಗಳ ಮುಂಬೈಯನ್ನು ತೋರಿಸುತ್ತಾರೆ. ಸುರ್ವೆ ಬೀದಿಯಲ್ಲಿ ಸಿಕ್ಕ ಕೂಸು, ಗಿರಣಿ ಕಾರ್ಮಿಕನೊಬ್ಬ ಎತ್ತಿಕೊಂಡು ಸಾಕಿದ್ದು. ಈ ಚಿತ್ರ ನಮ್ಮ ಹಾಲ್‌ನಲ್ಲೇ ಯಾಕೆ ಆಗಬೇಕು ಗೊತ್ತಾ? 1982ರ ಜನವರಿ 18ಕ್ಕೆ ಗಿರಣಿ ಮುಷ್ಕರ ಶುರುವಾಯಿತು. ಪರೇಲ್, ಲಾಲ್‌ಬಾಗ್ ಕಡೆ ಗಿರಣಿ ಕಾರ್ಮಿಕರನ್ನೇ ನಂಬಿದ್ದ ನಮ್ಮವರ ಹೋಟೆಲುಗಳು ಎಷ್ಟೋ. ಗಲ್ಲಾದ ಕೆಳಗಿನ ಉದ್ರಿ ಪುಸ್ತಕ ಆಮೇಲೆ ಏನಾಯಿತು? ಯಾರು ಬಾಕಿ ತೀರಿಸಿ ಊರಿಗೆ ಹೋದರು, ಯಾರದ್ದನ್ನು ಮಾಲೀಕರೇ ಹೊಡೆದು ಹಾಕಿದರು? ಇದು ಯಾವ ಚಿತ್ರದಲ್ಲೂ ಇಲ್ಲ. ಗೊತ್ತಿರುವುದು ನಮ್ಮ ಹಾಲ್‌ನ ಮೊದಲ ಸಾಲಿನಲ್ಲಿ ಕೂರುವ ಹಿರಿಯರಿಗೆ. ಚಿತ್ರ ನೋಡಿದರೆ ಅವರು ಬಾಯಿ ಬಿಡುತ್ತಾರೆ. ಸುಮ್ನೆ ಮೈಕ್ ಕೊಟ್ಟು "ನಿಮ್ಮ ಅನುಭವ ಹೇಳಿ" ಅಂದರೆ ಬರುವುದು ಭಾಷಣ.

ಇದೆಲ್ಲ ಓದಿದವರಿಗೆ ಮಾತ್ರ ಅನ್ನುವವರು 'ಸೆಲ್ಯುಲಾಯ್ಡ್ ಮ್ಯಾನ್' ನೋಡಬೇಕು. ಪುಣೆಯಲ್ಲಿ 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಡಬ್ಬ ಡಬ್ಬವಾಗಿ ಕಟ್ಟಿದ ಪಿ.ಕೆ. ನಾಯರ್ ಅವರ ಮೇಲೆ ಶಿವೇಂದ್ರ ಸಿಂಗ್ ಡುಂಗರ್‌ಪುರ್ 2012ರಲ್ಲಿ ಮಾಡಿದ ಚಿತ್ರ. ಅದರಲ್ಲಿ ನಮ್ಮ ಹೆಗ್ಗೋಡು ಬರುತ್ತದೆ. ಪುಣೆಯ ರೀಲುಗಳು ಅಲ್ಲಿನ ನಾಟಕ ಸಂಸ್ಥೆ ನೀನಾಸಂಗೆ ಹೋಗಿ, ಅಡಿಕೆ ಬೆಳೆಗಾರರು ಕೂತು ಜಪಾನಿನ, ಇಟಲಿಯ ಸಿನಿಮಾ ನೋಡಿದ ಕಥೆ. ಅವರಿಗೆ ಅರ್ಥವಾದದ್ದು ಮುಂಬೈಯ ನಮಗೆ ಆಗುವುದಿಲ್ಲವಾ?

ಕನ್ನಡದ್ದೇ ಬೇಕು ಅನ್ನುವವರಿಗೂ ಇದೆ. ಮಾಥೇರಾನ್‌ನಲ್ಲಿ ಹುಟ್ಟಿದ ಗಿರೀಶ ಕಾರ್ನಾಡರು ಬೇಂದ್ರೆಯವರ ಬಗ್ಗೆ 1972ರಲ್ಲಿ ಮಾಡಿದ ಚಿತ್ರವಿದೆ, ಆಮೇಲೆ 'ಕನಕ-ಪುರಂದರ' ಇದೆ. ಮಕ್ಕಳನ್ನು ಕರೆತರಲು ಕಾಡುಪ್ರಾಣಿಗಳ 'ವೈಲ್ಡ್ ಕರ್ನಾಟಕ' ಸಾಕು, ಕನ್ನಡದಲ್ಲಿ ರಿಷಬ್ ಶೆಟ್ಟಿ ದನಿ. ಅಲ್ಲಿಂದ ಶುರುಮಾಡಿ, ಪರವಾಗಿಲ್ಲ. ಅಲ್ಲೇ ನಿಲ್ಲಿಸಬೇಡಿ, ಅಷ್ಟೇ.

ಒಂದೇ ಷರತ್ತು. ಚಿತ್ರಕ್ಕೆ ಮುಂಚೆ ಅಧ್ಯಕ್ಷರ ನಾಲ್ಕು ಮಾತು ಬೇಡ. ಆ ನಾಲ್ಕು ಮಾತು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನಮಗೆಲ್ಲ ಗೊತ್ತು.

ವಿರೋಧ: ಹೆಸರು ಹೇಳಿ, ಮನೆಯಲ್ಲಿ ನೋಡುತ್ತೇನೆ

ಇಷ್ಟೂ ಚಿತ್ರಗಳ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಹಾಲ್‌ನ ಬಗ್ಗೆ.

ಜನರನ್ನು ಹಿಡಿದು ಕೂರಿಸಿ ಡಾಕ್ಯುಮೆಂಟರಿ ತೋರಿಸುವುದು ಈ ದೇಶದಲ್ಲಿ ಹೊಸದಲ್ಲ. 1948ರಲ್ಲಿ ಸರ್ಕಾರದ ಡಾಕ್ಯುಮೆಂಟರಿ ವಿಭಾಗ ಫಿಲ್ಮ್ಸ್ ಡಿವಿಷನ್ ಶುರುವಾಯಿತು, ಇಲ್ಲೇ ಪೆಡ್ಡರ್ ರೋಡಿನಲ್ಲಿ ಅದರ ಕಚೇರಿ ಇತ್ತು. ಅದರ ಚಿತ್ರಗಳನ್ನು ಸಿನಿಮಾ ಶುರುವಾಗುವ ಮೊದಲು ಥಿಯೇಟರಿನವರು ಹಾಕಲೇಬೇಕಿತ್ತು, ಅದಕ್ಕೆ ಬಾಡಿಗೆಯನ್ನೂ ಕೊಡಬೇಕಿತ್ತು. ಜನ ಏನು ಮಾಡಿದರು? ಹೊರಗೆ ನಿಂತು ಬೀಡಿ ಸೇದಿದರು. ಆ ಚಿತ್ರಗಳಲ್ಲಿ ತುಂಬಾ ಒಳ್ಳೆಯವೂ ಇದ್ದವು, ಪಾಪ. ಆದರೆ ಒತ್ತಾಯದ ಊಟ ಯಾರಿಗೆ ರುಚಿಸುತ್ತದೆ? ಸಂಘದ ಭಾನುವಾರದಲ್ಲೂ ಅದೇ ಆಗುತ್ತದೆ. ಊಟ ಇದೆ ಅಂತ ಬರುತ್ತಾರೆ, ಲೋಕಲ್ ತಪ್ಪುತ್ತದೆ ಅಂತ ಅರ್ಧಕ್ಕೆ ಏಳುತ್ತಾರೆ. ಪರದೆಯ ಕೆಳಗಿನ ಇಂಗ್ಲಿಷ್ ಅಕ್ಷರ ಮುಂದಿನವರ ತಲೆಯಿಂದ ಮರೆಯಾಗುತ್ತದೆ. ಹಿಂದಿ, ಮರಾಠಿ ನಮಗೆ ತೊಂದರೆಯಿಲ್ಲ ನಿಜ. ತಮಿಳೋ ಬಂಗಾಳಿಯೋ ಆದರೆ ಕೊನೇ ಸಾಲಿನಲ್ಲಿ ಯಾರೋ ಒಬ್ಬರು ಅತ್ತೆಗೆ ಗಟ್ಟಿಯಾಗಿ ಅನುವಾದ ಶುರುಮಾಡುತ್ತಾರೆ.

ಹೆಗ್ಗೋಡಿನ ಉದಾಹರಣೆ ಕೊಟ್ಟರು. ಸರಿ. ಆದರೆ ನೀನಾಸಂ ಶುರುವಾದದ್ದು 1949ರಲ್ಲಿ. ಕೆ.ವಿ. ಸುಬ್ಬಣ್ಣ ಅಲ್ಲಿ ದಶಕಗಟ್ಟಲೆ ನಾಟಕ, ಪುಸ್ತಕ, ಮಾತುಕತೆ ನಡೆಸಿದರು. ಸಿನಿಮಾ ನೋಡುವುದನ್ನು ಕಲಿಸಲು ಶಿಬಿರಗಳೇ ಇದ್ದವು. ಸನ್ಮಾನ ಮತ್ತು ಊಟದ ನಡುವೆ ಸಿಕ್ಕ ಒಂದೂವರೆ ಗಂಟೆಯಲ್ಲಿ ಅದನ್ನು ಮಾಡುತ್ತೇವೆ ಅನ್ನುವುದು ಸುಬ್ಬಣ್ಣನವರಿಗೆ ಮರ್ಯಾದೆ ಕೊಟ್ಟಂತಲ್ಲ.

ಕಾನೂನಿನ ಕಥೆ ಬೇರೆ. ಮನೆಗೆ ಅಂತ ತೆಗೆದುಕೊಂಡ ಓಟಿಟಿ ಚಂದಾದಲ್ಲಿ ಹಾಲ್‌ನಲ್ಲಿ ತೋರಿಸುವ ಹಾಗಿಲ್ಲ. ಸಾರ್ವಜನಿಕ ಪ್ರದರ್ಶನ ಅಂದರೆ 1952ರ ಸಿನಿಮಾಟೋಗ್ರಾಫ್ ಕಾಯ್ದೆ ಪ್ರಕಾರ ಸೆನ್ಸಾರ್ ಸರ್ಟಿಫಿಕೇಟ್ ಬೇಕು. ನಿರ್ದೇಶಕರನ್ನು ಕೇಳಬೇಕು. ಕಮಿಟಿಯವರು ಕೇಳುತ್ತಾರಾ?

ನನ್ನ ದೊಡ್ಡ ಹೆದರಿಕೆ ಇನ್ನೊಂದು. ಆನಂದ್ ಪಟವರ್ಧನ್ ಅವರ 'ಜೈ ಭೀಮ್ ಕಾಮ್ರೇಡ್' (2011) ಹೆಸರನ್ನು ಮೇಲಿನವರು ಎತ್ತಲೇ ಇಲ್ಲ, ಗಮನಿಸಿದಿರಾ? ಮುಂಬೈಯ ಬಗ್ಗೆ ಬಂದ ಚಿತ್ರಗಳಲ್ಲಿ ನನ್ನ ಪ್ರಕಾರ ಅದಕ್ಕಿಂತ ದೊಡ್ಡದಿಲ್ಲ. 1997ರ ಜುಲೈ 11ಕ್ಕೆ ಘಾಟ್‌ಕೋಪರ್‌ನ ರಮಾಬಾಯಿ ನಗರದಲ್ಲಿ ಅಂಬೇಡ್ಕರ್ ಪ್ರತಿಮೆಗೆ ಚಪ್ಪಲಿ ಹಾರ ಹಾಕಿದರು. ಪ್ರತಿಭಟಿಸಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರು, 10 ಜನ ಸತ್ತರು. ಕೆಲವೇ ದಿನದಲ್ಲಿ ಕವಿ, ಗಾಯಕ ವಿಲಾಸ್ ಘೋಗ್ರೆ ನೊಂದು ಪ್ರಾಣ ಬಿಟ್ಟರು. ಇದೇ ಘೋಗ್ರೆ ಪಟವರ್ಧನರ 1985ರ 'ಹಮಾರಾ ಶಹರ್'ನಲ್ಲಿ ಹಾಡಿದ್ದರು. ಮನೆ ಕಳೆದುಕೊಳ್ಳುವ ಗುಡಿಸಲು ಜನರ ಚಿತ್ರ ಅದು. ತನ್ನ ಚಿತ್ರದಲ್ಲಿ ಹಾಡಿದವನ ಸಾವಿನಿಂದ ಹೊರಟು ನಿರ್ದೇಶಕ 14 ವರ್ಷ ಕ್ಯಾಮೆರಾ ಹಿಡಿದು ಓಡಾಡಿದರು. ಚಿತ್ರ ಮೂರು ಗಂಟೆಗೂ ಜಾಸ್ತಿ.

ಜಾತಿಗೊಂದು ಸಂಘ ಇರುವ ಮುಂಬೈ ಕನ್ನಡಿಗರಲ್ಲಿ ಜಾತಿಯ ಬಗ್ಗೆ ಮೂರು ಗಂಟೆಯ ಚಿತ್ರವನ್ನು ಯಾವ ಸಂಘ ಹಾಕುತ್ತದೆ ಹೇಳಿ? ಯಾರಿಗೋ ಬೇಜಾರಾಗುತ್ತದೆ, ಯಾರೋ ದೇಣಿಗೆ ನಿಲ್ಲಿಸುತ್ತಾರೆ, ಚುನಾವಣೆ ಹತ್ತಿರ ಇದೆ. ಹೀಗೆ ಒಂದೊಂದೇ ಹೆಸರು ಹೊಡೆದು ಹೊಡೆದು ಕೊನೆಗೆ ಪಟ್ಟಿಯಲ್ಲಿ ಉಳಿಯುವುದು ಹುಲಿ. ಶೌಚಾಲಯದ ಚಿತ್ರ ಕೂಡ ಕಮಿಟಿ ದಾಟುತ್ತದೆ ಅಂತ ನನಗೆ ನಂಬಿಕೆಯಿಲ್ಲ.

ನಾನು 'ಜೈ ಭೀಮ್ ಕಾಮ್ರೇಡ್' ಮನೆಯಲ್ಲಿ ತುಂಡು ತುಂಡಾಗಿ ನೋಡಿದೆ. ಹೆಂಗಸರು ಡಫ್ ಬಡಿದು ಹಾಡುವ ಜಾಗ ಬಂದಾಗಲೆಲ್ಲ ಹಿಂದೆ ಹೋಗಿ ಮತ್ತೆ ಕೇಳಿದೆ. ಒಂದು ಕಡೆ ಫೋನ್ ಮಗುಚಿಟ್ಟು ಅಡುಗೆಮನೆಗೆ ಹೋಗಿ ಸುಮ್ನೆ ಪಾತ್ರೆ ತೊಳೆದೆ, ಆಮೇಲೆ ಬಂದು ಮುಂದುವರಿಸಿದೆ. ಇಂಥ ಚಿತ್ರ ನೋಡಲು ಈ ಸ್ವಾತಂತ್ರ್ಯ ಬೇಕು. ಹಾಲ್‌ನಲ್ಲಿ ಎಲ್ಲಿಗೆ ಏಳುತ್ತೀರಿ?

ಹಾಗಂತ ಯಾರಿಗೂ ಏನೂ ಹೇಳಬಾರದು ಅಂತಲ್ಲ. ಇಪ್ಪತ್ತು ಹೆಸರಿನ ಪಟ್ಟಿ ಎಲ್ಲರಿಗೂ ಕಳಿಸಿದರೆ ಯಾರೂ ಒಂದನ್ನೂ ನೋಡುವುದಿಲ್ಲ. ಒಬ್ಬರಿಗೆ ಒಂದು ಚಿತ್ರ, ಯಾಕೆ ಅಂತ ಒಂದು ಸಾಲು. ಹಳೇ ರೇಡಿಯೋ ಬಿಚ್ಚಿ ಜೋಡಿಸುವ ನಮ್ಮ ಮಾವನಿಗೆ 'ದಿ ಸಿನಿಮಾ ಟ್ರಾವೆಲರ್ಸ್' ಹೇಳಿದೆ. ಲಾರಿಯಲ್ಲಿ ಪ್ರೊಜೆಕ್ಟರ್ ಹೇರಿಕೊಂಡು ಮಹಾರಾಷ್ಟ್ರದ ಜಾತ್ರೆಗಳಲ್ಲಿ ಟೆಂಟ್ ಹಾಕುವವರ ಚಿತ್ರ, 2016ರದ್ದು. ಅದರಲ್ಲಿ ಪ್ರಕಾಶ್ ಅಂತ ಒಬ್ಬ ವಯಸ್ಸಾದ ಮೆಕ್ಯಾನಿಕ್ ಇದ್ದಾರೆ, ತಾವೇ ಒಂದು ಹೊಸ ಪ್ರೊಜೆಕ್ಟರ್ ಮಾಡಿಟ್ಟಿದ್ದಾರೆ. ಮಾವ ಆ ಭಾಗವನ್ನು ಎಷ್ಟು ಸಲ ನೋಡಿದರೋ.

ಒಟ್ಟಿಗೇ ನೋಡಬೇಕು ಅನ್ನಿಸಿದರೆ ಥಾಣೆಯ ನಮ್ಮ ಮನೆಗೆ ಬನ್ನಿ. ಆರು ಜನ ಆರಾಮಾಗಿ ಕೂರಬಹುದು. 'ಜೈ ಭೀಮ್ ಕಾಮ್ರೇಡ್' ಹಾಕೋಣ, ಬೇಕಾದಾಗ ನಿಲ್ಲಿಸೋಣ. ಚಹಾ ಮಾತ್ರ ಇರುತ್ತದೆ, ಊಟ ಮುಗಿಸಿಕೊಂಡೇ ಬನ್ನಿ.