ಬೆಟ್ಟ ಅಗೆಯದೆ ಇಲಿ ಹಿಡಿಯುವವರು

ಬೆಟ್ಟ ಅಗೆದು ಇಲಿ ಹಿಡಿದರು ಎಂದು ಗಾದೆ ಕಟ್ಟಿದವರಿಗೆ ಜಿಯೋಕ್ಯಾಶಿಂಗ್ ಗೊತ್ತಿರಲಿಲ್ಲ. ಗೊತ್ತಿದ್ದರೆ ಗಾದೆಯನ್ನು ಸ್ವಲ್ಪ ತಿದ್ದುತ್ತಿದ್ದರು. ನಮ್ಮ ಆಟದಲ್ಲಿ ಬೆಟ್ಟ ಅಗೆಯುವಂತಿಲ್ಲ. ಜಾಗದವರ ಒಪ್ಪಿಗೆ ಇಲ್ಲದೆ ಡಬ್ಬಿ ಇಡಲು ನೆಲ ತೋಡಬಾರದು ಎಂದು ನಿಯಮವೇ ಇದೆ. ಹಾಗಾಗಿ ನಾವು ಬೆಟ್ಟ ಹತ್ತುತ್ತೇವೆ. ಇಲಿಯಷ್ಟು ದೊಡ್ಡ ಡಬ್ಬಿ ಹುಡುಕುತ್ತೇವೆ. ಅದರೊಳಗಿನ ಒದ್ದೆ ಕಾಗದಕ್ಕೆ ಸಹಿ ಹಾಕುತ್ತೇವೆ. ಆಮೇಲೆ ಇಲಿಯನ್ನು ಅದೇ ಬಿಲದಲ್ಲಿ ಬಿಟ್ಟು ಇಳಿದು ಬರುತ್ತೇವೆ. ಮುಂದಿನವರಿಗೂ ಬೇಕಲ್ಲ!

ಗೊತ್ತಿಲ್ಲದವರಿಗೆ ಎರಡು ಮಾತು. ಯಾರೋ ಒಬ್ಬರು ಎಲ್ಲೋ ಒಂದು ಡಬ್ಬಿ ಬಚ್ಚಿಡುತ್ತಾರೆ. ಅದರ ಅಕ್ಷಾಂಶ ರೇಖಾಂಶವನ್ನು ಲೋಕಕ್ಕೆಲ್ಲ ಹೇಳುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕುತ್ತಾರೆ. ಆ ಡಬ್ಬಿಗೆ ಕ್ಯಾಶ್ ಎಂದು ಹೆಸರು. ದುಡ್ಡಿನ ಕ್ಯಾಶ್ ಅಲ್ಲ. 'ಇವತ್ತು ಹನ್ನೆರಡು ಕ್ಯಾಶ್ ಸಿಕ್ಕಿತು' ಎಂದು ಮನೆಯಲ್ಲಿ ಹೇಳಿದಾಗ ಅರಳಿದ ಮುಖಗಳು ಎರಡೇ ನಿಮಿಷದಲ್ಲಿ ಬಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈ ಹುಚ್ಚು ಹುಟ್ಟಿದ್ದು 2000ದ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಅಮೆರಿಕದವರು ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸಿ ಬಿಡುತ್ತಿದ್ದರು. ನೂರು ಮೀಟರ್‌ವರೆಗೂ ತಪ್ಪು ತೋರಿಸುತ್ತಿತ್ತು. ಅಧ್ಯಕ್ಷ ಕ್ಲಿಂಟನ್ ಅದನ್ನು ನಿಲ್ಲಿಸಿದರು. ಇನ್ನು ಹಡಗುಗಳು ದಾರಿ ತಪ್ಪುವುದಿಲ್ಲ, ಆಂಬುಲೆನ್ಸ್‌ಗಳು ಬೇಗ ತಲುಪುತ್ತವೆ ಎಂದು ದೊಡ್ಡವರು ಅಂದುಕೊಂಡಿರಬೇಕು. ಮೇ 3ರಂದು ಡೇವ್ ಉಲ್ಮರ್ ಎನ್ನುವವರು ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರ ಹೋಗಿ ಕಪ್ಪು ಪ್ಲಾಸ್ಟಿಕ್ ಬಕೆಟ್ ಒಂದನ್ನು ಬಚ್ಚಿಟ್ಟು ಬಂದರು. ಬಹುಪಾಲು ನೆಲದಲ್ಲಿ ಹೂತು. ಒಳಗೆ ಪುಸ್ತಕ, ವಿಡಿಯೊ, ಸ್ವಲ್ಪ ದುಡ್ಡು, ಒಂದು ಕವಣೆ, ಒಂದು ಡಬ್ಬ ಬೀನ್ಸ್. ಇವತ್ತು ಅದೇ ಬಕೆಟ್ ನಮ್ಮ ಆಟದ ಜಾಲತಾಣದವರ ಒಪ್ಪಿಗೆಗೆ ಬಂದರೆ ತಿರಸ್ಕಾರ ಗ್ಯಾರಂಟಿ. ನೆಲ ತೋಡಿದ್ದು ಒಂದು ತಪ್ಪು. ತಿನ್ನುವ ಪದಾರ್ಥ ಇಟ್ಟಿದ್ದು ಇನ್ನೊಂದು. ನಮ್ಮ ಮೂಲಪುರುಷರೇ ನಮ್ಮ ನಿಯಮದ ಪ್ರಕಾರ ನಪಾಸು.

ಈ ಆಟದ ಹಿಂದೆ ದುಡಿಯುವ ಯಂತ್ರಗಳನ್ನೂ ಒಮ್ಮೆ ನೆನೆಯಬೇಕು. ಇಪ್ಪತ್ತು ಸಾವಿರ ಕಿಲೋಮೀಟರ್ ಮೇಲೆ ಉಪಗ್ರಹಗಳು ದಿನಕ್ಕೆ ಎರಡು ಸುತ್ತು ಹಾಕುತ್ತಿವೆ. ಅವುಗಳ ಪರಮಾಣು ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಐನ್‌ಸ್ಟೈನ್ ಕೊಟ್ಟ ಲೆಕ್ಕ ಹಿಡಿದು ಅದನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ಹತ್ತು ಕಿಲೋಮೀಟರ್ ಎಡವಟ್ಟಾಗುತ್ತದೆ. ಇಷ್ಟೆಲ್ಲ ಕಸರತ್ತು ಮಾಡಿ ಆ ಉಪಗ್ರಹಗಳು ಮೊನ್ನೆ ನನ್ನನ್ನು ಎಲ್ಲಿಗೆ ಕರೆದುಕೊಂಡು ಹೋದವು ಗೊತ್ತಾ? ಒಂದು ಪಾರ್ಕಿಂಗ್ ಜಾಗದ ದೀಪದ ಕಂಬಕ್ಕೆ. ಕಂಬದ ಬುಡದ ಬೋಲ್ಟುಗಳನ್ನು ಮುಚ್ಚಲು ಒಂದು ಹೊದಿಕೆ ಇರುತ್ತದೆ. ನಮ್ಮವರು ಅದಕ್ಕೆ ಸ್ಕರ್ಟ್ ಅನ್ನುತ್ತಾರೆ. ಎತ್ತಿದರೆ ಒಳಗೆ ಫಿಲ್ಮ್ ಡಬ್ಬಿ. ಸಾಪೇಕ್ಷತಾ ಸಿದ್ಧಾಂತ ಕೊನೆಗೆ ಬಂದು ನಿಂತಿದ್ದು ಕಂಬದ ಲಂಗ ಎತ್ತುವ ಕೆಲಸಕ್ಕೆ.

ಇಂಥ ಡಬ್ಬಿ ಯಾರಿಗೆ ಇಷ್ಟ? ಯಾರಿಗೂ ಇಲ್ಲ. ಬೇಕಾದರೆ ನಮ್ಮವರ ಕೂಟಕ್ಕೆ ಹೋಗಿ ಕೇಳಿ. ಎಲ್ಲರೂ ಒಳ್ಳೆಯ ನಡಿಗೆ, ಒಳ್ಳೆಯ ನೋಟ ಬಯಸುವವರೇ. 'ನನಗೆ ಸಂಖ್ಯೆ ಮುಖ್ಯ ಅಲ್ಲ' ಅನ್ನುತ್ತಾರೆ. 'ಹೌದಾ? ಇಲ್ಲಿವರೆಗೆ ಎಷ್ಟಾಯ್ತು?' ಅಂದರೆ 'ನಾಲ್ಕು ಸಾವಿರದ ಮುನ್ನೂರ ಹದಿನೇಳು' ಎಂದು ಉಸಿರು ಎಳೆದುಕೊಳ್ಳದೆ ಹೇಳುತ್ತಾರೆ. ಬೆಟ್ಟದ ತುದಿಯ ಡಬ್ಬಿ ತೆರೆದರೆ ಲಾಗ್ ಪುಸ್ತಕದ ಹಾಳೆಗಳು ಬೆಳ್ಳಗೆ ಹೊಳೆಯುತ್ತಿರುತ್ತವೆ. ಕಂಬದ ಕೆಳಗಿನ ಚೀಟಿಯಲ್ಲಿ ಸಹಿ ಹಾಕಲು ಜಾಗವಿಲ್ಲ. ಯಾರಿಗೂ ಇಷ್ಟವಿಲ್ಲದ ಡಬ್ಬಿಗೆ ಇಷ್ಟು ಜನ ಯಾಕೆ ಬರುತ್ತಾರೋ ದೇವರೇ ಬಲ್ಲ. ನಾನಂತೂ ಆ ಕಡೆ ಬೇರೆ ಕೆಲಸವಿತ್ತು ಎಂದು ಹೋಗಿದ್ದೆ.

ನೆಲಕ್ಕೂ ನಾವು ಅಂಕ ಕೊಡುತ್ತೇವೆ. ಒಂದರಿಂದ ಐದು ನಕ್ಷತ್ರ, ನಡುವೆ ಅರ್ಧ ಅರ್ಧ. ಒಂದು ಅಂದರೆ ಗಾಲಿಕುರ್ಚಿಯಲ್ಲೂ ತಲುಪಬಹುದು. ಐದು ಅಂದರೆ ದೋಣಿಯೋ ಹಗ್ಗವೋ ನೀರಿಗಿಳಿಯುವ ಸಾಮಾನೋ ಬೇಕೇ ಬೇಕು. ಹುಡುಕುವ ಕಷ್ಟಕ್ಕೂ ಇದೇ ಥರ ಒಂಬತ್ತು ಮೆಟ್ಟಿಲು. ಒಂಬತ್ತೊಂಬತ್ಲ ಎಂಬತ್ತೊಂದು. ಈ 81 ಮನೆಗಳನ್ನೂ ತುಂಬಿಸಿಯೇ ಸಾಯುತ್ತೇನೆ ಎಂದು ಹಟ ಹಿಡಿದವರಿದ್ದಾರೆ. ಅವರ ಕಣ್ಣಿಗೆ ನದಿ, ಕಣಿವೆ, ಜಲಪಾತ ಅಂತ ಯಾವುದೂ ಇಲ್ಲ. 'ಆ ನದಿ ಹೇಗಿತ್ತು?' ಎಂದು ಕೇಳಿದರೆ 'ನಾಲ್ಕೂವರೆ' ಅನ್ನುತ್ತಾರೆ.

ಅಂಕ ಕೊಡುವವರು ಯಾರು? ಡಬ್ಬಿ ಇಟ್ಟವರೇ. ತಮಾಷೆ ಶುರುವಾಗುವುದು ಇಲ್ಲಿಂದ. ಬೆಟ್ಟದ ಜನ ಮೂರು ಗಂಟೆ ಏರುವ ದಾರಿಗೆ 'ಸುಮ್ನೆ ಹಾಗೇ ಹತ್ತಿ ಬನ್ನಿ' ಎಂದು ಎರಡೂವರೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಅದನ್ನು ನಂಬಿ ಹೋದವನಿಗೆ ದೂರದ ಬೆಟ್ಟ ಎಷ್ಟು ನುಣ್ಣಗಿತ್ತು ಎನ್ನುವುದು ಅರ್ಧ ದಾರಿಯಲ್ಲಿ ನೆನಪಾಗುತ್ತದೆ. ಬಯಲಿನ ಜನರ ಕಥೆ ಬೇರೆ. ಡೆನ್ಮಾರ್ಕ್‌ನಲ್ಲಿ 147 ಮೀಟರ್ ಎತ್ತರದ ಒಂದು ಗುಡ್ಡವಿದೆ. ಹೆಸರು ಹಿಮ್ಮೆಲ್‌ಬ್ಯೆರ್ಗೆಟ್. ಅಂದರೆ ಆಕಾಶಬೆಟ್ಟ! ಹಾಳೂರಿಗೆ ಉಳಿದವನೇ ಗೌಡ. ಅಂಥ ಬಯಲಲ್ಲಿ ರಸ್ತೆಯ ಉಬ್ಬೊಂದು ಸಿಕ್ಕರೂ ಎರಡೂವರೆ ಕೊಡುವ ಆಸೆ ಯಾರಿಗಾದರೂ ಬರುತ್ತದೆ.

ಹಾಗಾದರೆ ಬಯಲಿನವರಿಗೆ ಐದು ನಕ್ಷತ್ರ ಬೇಡವೇ? ಬೇಕು. ನೆದರ್ಲೆಂಡ್ಸ್‌ನ ನೆಲದ ಸುಮಾರು ಕಾಲು ಭಾಗ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಅಲ್ಲಿ ಬೆಟ್ಟ ಎಲ್ಲಿಂದ ತರುವುದು? ಅದಕ್ಕೇ ಮರಗಳಿವೆ. ಎತ್ತರದ ಕೊಂಬೆಗೆ ಡಬ್ಬಿ ಕಟ್ಟಿದರೆ ಆಯಿತು. ಬಂದವರು ಸೊಂಟಕ್ಕೆ ಪಟ್ಟಿ ಬಿಗಿದು, ಹೆಲ್ಮೆಟ್ ಹಾಕಿ, ಹಗ್ಗ ಎಸೆದು, ಹಿಮಾಲಯಕ್ಕೆ ಹೊರಟವರ ಗಾಂಭೀರ್ಯದಲ್ಲಿ ಮರ ಹತ್ತುತ್ತಾರೆ. ಕೆಳಗೆ ದನ ಮೇಯುತ್ತಿರುತ್ತವೆ. ಮರವೂ ಇಲ್ಲದ ಕಡೆ ಕೊಳದ ನಡುವಿನ ಕಂಬಕ್ಕೆ ಡಬ್ಬಿ ಸಿಕ್ಕಿಸುತ್ತಾರೆ. ದೋಣಿ ಬೇಕಲ್ಲ, ಹಾಗಾಗಿ ಐದು. 2008ರಲ್ಲಿ ವಿಡಿಯೊ ಗೇಮ್ ತಯಾರಕ ರಿಚರ್ಡ್ ಗ್ಯಾರಿಯಟ್ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಅಲ್ಲೂ ಒಂದು ಕ್ಯಾಶ್ ಇಟ್ಟು ಬಂದರು. ಅದಕ್ಕೂ ಐದೇ. ಅಂದರೆ ನಮ್ಮ ಲೆಕ್ಕದಲ್ಲಿ ಕೊಳದ ಕಂಬಕ್ಕೂ ಬಾಹ್ಯಾಕಾಶಕ್ಕೂ ಕಷ್ಟ ಒಂದೇ. ಕಂಬವೇ ಸ್ವಲ್ಪ ಮೇಲು, ಕಾಲಾದರೂ ಒದ್ದೆಯಾಗುತ್ತದೆ.

ಬಚ್ಚಿಡುವ ಬುದ್ಧಿಯನ್ನೂ ನೆಲವೇ ಕೊಡುತ್ತದೆ. ಬೆಟ್ಟದವರಿಗೆ ಗೊತ್ತಿರುವುದು ಕಲ್ಲು. ಡಬ್ಬಿಯ ಮೇಲೆ ಕಲ್ಲು ಪೇರಿಸಿ 'ಸಹಜವಾಗಿದೆ' ಎಂದು ಸಂತೋಷಪಡುತ್ತಾರೆ. ಕಾಡಿನವರಿಗೆ ಗೊತ್ತಿರುವುದು ಕಡ್ಡಿ. ಬೇರಿನ ಪೊಟರೆಗೆ ಡಬ್ಬಿ ತುರುಕಿ, ಮೇಲೆ ಎಂಟು ಕಡ್ಡಿಗಳನ್ನು ಬೆಂಕಿಪೊಟ್ಟಣದೊಳಗಿನ ಹಾಗೆ ಒಂದರ ಪಕ್ಕ ಒಂದು ಜೋಡಿಸುತ್ತಾರೆ. ಯಾವ ಮರ ಇಷ್ಟು ಶಿಸ್ತಿನಿಂದ ಕಡ್ಡಿ ಉದುರಿಸುತ್ತದೆ ಹೇಳಿ! ಇನ್ನು ಎಲೆ ದಟ್ಟವಾಗಿದ್ದ ಕಡೆ ಸಂಕೇತ ಸರಿಯಾಗಿ ಸಿಗುವುದಿಲ್ಲ. ಯಂತ್ರ ಹತ್ತು ಹೆಜ್ಜೆ ಆ ಕಡೆ ಅನ್ನುತ್ತದೆ, ಹೋದರೆ ಹತ್ತು ಹೆಜ್ಜೆ ಈ ಕಡೆ ಅನ್ನುತ್ತದೆ. ನಾವು ಗಾಣದೆತ್ತಿನ ಹಾಗೆ ಸುತ್ತಿ ಸುತ್ತಿ ಹುಲ್ಲು ಸವೆಸುತ್ತೇವೆ. ನಾಲ್ಕು ತಿಂಗಳಾದ ಮೇಲೆ ಬರುವವರಿಗೆ ಜಿಪಿಎಸ್ ಬೇಕಿಲ್ಲ. ಸವೆದ ದಾರಿಯೇ ಡಬ್ಬಿಯವರೆಗೆ ಕೈಹಿಡಿದು ಕರೆದೊಯ್ಯುತ್ತದೆ. ಪ್ರಕೃತಿ ಪ್ರೇಮ ಅಂದರೆ ಇದೇ ಅಲ್ವಾ?

ನಗರದವರದು ಅಯಸ್ಕಾಂತದ ಬುದ್ಧಿ. ಬೆರಳ ತುದಿಯಷ್ಟು ದೊಡ್ಡ ನ್ಯಾನೋ ಡಬ್ಬಿಯನ್ನು ಬೆಂಚಿನ ಅಡಿಗೆ ಅಂಟಿಸುತ್ತಾರೆ. ಎತ್ತರದ ಕಟ್ಟಡಗಳಿಗೆ ಬಡಿದು ಸಂಕೇತ ಚೆಂಡಿನ ಹಾಗೆ ಪುಟಿಯುತ್ತದೆ. ಯಂತ್ರ ನಿಮ್ಮನ್ನು ರಸ್ತೆಯ ನಡುವೆ ನಿಲ್ಲಿಸಿ 'ಇಲ್ಲೇ' ಅನ್ನುತ್ತದೆ. ಜತೆಗೆ ಮಗಲ್‌ಗಳ ಭಯ. ಈ ಆಟ ಗೊತ್ತಿಲ್ಲದ ಮಾಮೂಲಿ ಮನುಷ್ಯರಿಗೆ ನಾವು ಇಟ್ಟ ಹೆಸರು ಅದು. ಅವರೆದುರು ಬೆಂಚಿನ ಕೆಳಗೆ ಕೈಯಾಡಿಸಲು ಒಂದು ನೆಪ ಬೇಕು. ನಾನು ಒಂದೇ ಬೆಂಚಿನ ಹತ್ತಿರ ಆರು ಸಲ ಶೂ ಲೇಸ್ ಕಟ್ಟಿದ್ದೇನೆ. ಆವತ್ತು ಹಾಕಿದ್ದು ಚಪ್ಪಲಿ. ಅನುಭವಸ್ಥರು ಹಳದಿ ಜಾಕೆಟ್ ಹಾಕಿ ಕೈಯಲ್ಲೊಂದು ರಟ್ಟು ಹಿಡಿದು ಬರುತ್ತಾರೆ. ಹಾಗೆ ಬಂದವನು ಹಾಡಹಗಲೇ ಕಂಬ ಕಿತ್ತರೂ ಯಾರೂ ಕೇಳುವುದಿಲ್ಲ. ಆದರೆ ಎಲ್ಲರೂ ಅಷ್ಟು ಚೆನ್ನಾಗಿ ನಟಿಸಬೇಕಲ್ಲ. 2011ರಲ್ಲಿ ಇಂಗ್ಲೆಂಡಿನ ವೆದರ್ಬಿ ಪಟ್ಟಣದಲ್ಲಿ ಒಬ್ಬರು ಡಬ್ಬಿ ಮುಟ್ಟಿ ಇಟ್ಟಿದ್ದನ್ನು ನೋಡಿದವರು ಗಾಬರಿಯಾದರು. ಪೊಲೀಸರು ಬಂದರು. ಜನರನ್ನು ತೆರವು ಮಾಡಿಸಿದರು. ಬಾಂಬ್ ದಳ ಬಂದು ಡಬ್ಬಿಯನ್ನು ಸಿಡಿಸಿತು. ಕ್ಯಾಶ್ ಹುಡುಕಿಕೊಟ್ಟಿದ್ದಕ್ಕೆ ಆ ದಳದವರೂ ಸಹಿ ಹಾಕಬಹುದಿತ್ತು, ಕಾಗದ ಉಳಿದಿದ್ದರೆ.

ಮರುಭೂಮಿಗೆ ಬರೋಣ. ಮರ ಇಲ್ಲ, ಬೆಂಚಿಲ್ಲ, ಮಗಲ್ ಇಲ್ಲ. ಅಲ್ಲಿ ಇರುವುದು ಉದ್ದ ರಸ್ತೆ ಒಂದೇ. ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಇರಬೇಕು ಎಂದು ನಿಯಮ. ಒಂದೇ ಕಡೆ ಡಬ್ಬಿ ತುಂಬಿ ಹೋಗದಿರಲಿ ಎಂದು ಮಾಡಿದ್ದು. ನಮ್ಮವರು ಕನಿಷ್ಠವನ್ನು ಗುರಿ ಎಂದು ಓದಿಕೊಂಡರು. ನೆವಾಡಾದಲ್ಲಿ ಹಾರುವ ತಟ್ಟೆಗಳ ಕಥೆಗೆ ಹೆಸರಾದ ಹೆದ್ದಾರಿಯೊಂದಿದೆ. ಸರ್ಕಾರವೇ ಅದಕ್ಕೆ ಅನ್ಯಗ್ರಹ ಜೀವಿಗಳ ಹೆಸರಿಟ್ಟಿದೆ. ಅದರ ಪಕ್ಕದಲ್ಲಿ 161 ಮೀಟರಿಗೊಂದರಂತೆ ಸಾವಿರಕ್ಕೂ ಹೆಚ್ಚು ಡಬ್ಬಿ ಇಟ್ಟರು. ಇದಕ್ಕೆ ಪವರ್ ಟ್ರೇಲ್ ಅನ್ನುತ್ತಾರೆ. ಒಬ್ಬ ಕಾರು ಓಡಿಸುತ್ತಾನೆ. ಒಬ್ಬ ಜಿಗಿದು ಡಬ್ಬಿ ತರುತ್ತಾನೆ. ಇನ್ನೊಬ್ಬ ಹಿಂದೆ ಕೂತು ಸಹಿಯ ಬದಲು ಮೊಹರು ಒತ್ತುತ್ತಾನೆ. ಮೊಹರು ಒತ್ತುವಷ್ಟು ಹೊತ್ತು ಕಾಯಲೂ ಪುರಸೊತ್ತಿಲ್ಲದವರು ಇನ್ನೊಂದು ಉಪಾಯ ಮಾಡಿದರು. ಈ ಕಲ್ಲಿನ ಕೆಳಗಿನ ಡಬ್ಬಿಯನ್ನು ಕಾರಿಗೆ ಹಾಕಿಕೊಂಡು, ದಾರಿಯಲ್ಲಿ ಮೊಹರು ಒತ್ತಿ, ಮುಂದಿನ ಕಲ್ಲಿನ ಕೆಳಗೆ ಇಡುವುದು. ಅಲ್ಲಿದ್ದದ್ದನ್ನು ಎತ್ತಿಕೊಂಡು ಮುಂದಕ್ಕೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎಂದು ನಗುತ್ತಿದ್ದೆವು. ಇವರು ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಮರುಭೂಮಿಯೆಲ್ಲ ಡಬ್ಬಿ ಹುಡುಕುತ್ತಾರೆ. ಸಂಜೆ ಹೊತ್ತಿಗೆ ನೂರಾರು ಸಿಕ್ಕಿರುತ್ತವೆ. ಮರುಭೂಮಿ ಹೇಗಿತ್ತು ಎಂದು ಕೇಳಬೇಡಿ. ಅವರು ನೋಡಿದ್ದು ಕಾರಿನ ಬಾಗಿಲನ್ನು.

ಇಂಗ್ಲೆಂಡಿನ ಡಾರ್ಟ್‌ಮೂರ್‌ನಲ್ಲಿ 1854ರಷ್ಟು ಹಿಂದೆಯೇ ಇಂಥದ್ದೊಂದು ಆಟ ಶುರುವಾಗಿತ್ತು. ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ ಕ್ರ್ಯಾನ್‌ಮಿಯರ್ ಪೂಲ್ ಎಂಬ ಕಡೆ ಒಂದು ಬಾಟಲಿ ಇಟ್ಟ. ಅಲ್ಲಿವರೆಗೆ ಹೋದವರು ತಮ್ಮ ಹೆಸರಿನ ಚೀಟಿ ಹಾಕಿ ಬರಲಿ ಎಂದು. ಸುತ್ತ ಜೌಗು. ಬೂಟು ಹೂತುಕೊಳ್ಳುವ ನೆಲ. ಅಲ್ಲಿಗೆ ಹೋಗುವುದೇ ಸಾಹಸವಾಗಿತ್ತು, ಅದಕ್ಕೇ ಬಾಟಲಿ. ಈಗ ಬಾಟಲಿ ಮೊದಲು, ಆಮೇಲೆ ಅದನ್ನಿಡಲು ಯಾವುದಾದರೂ ಒಂದು ಜಾಗ.

ನೆಲವನ್ನೇ ನೋಡಿ ಬರಲಿ ಎಂದು ಒಂದು ಬಗೆಯ ಕ್ಯಾಶ್ ಕೂಡ ಇದೆ. ಅರ್ಥ್‌ಕ್ಯಾಶ್. ಅಮೆರಿಕದ ಭೂವಿಜ್ಞಾನ ಸಂಘ 2004ರಲ್ಲಿ ಶುರುಮಾಡಿದ್ದು. ಅಲ್ಲಿ ಡಬ್ಬಿಯೇ ಇಲ್ಲ. ಬಂಡೆಯ ಪದರ ನೋಡಬೇಕು, ನೀರು ಕೊರೆದ ಗುರುತು ನೋಡಬೇಕು, ಕೇಳಿದ ಪ್ರಶ್ನೆಗೆ ಉತ್ತರ ಬರೆಯಬೇಕು. ಪ್ರಕೃತಿಗಾಗಿಯೇ ಆಡುತ್ತೇವೆ ಎನ್ನುವವರೆಲ್ಲ ಮುಗಿಬೀಳಬೇಕಿತ್ತು ಅಲ್ವಾ? 'ಅಷ್ಟು ದೂರ ಹೋಗಿ ಬರೀ ಕಲ್ಲು ನೋಡ್ಕೊಂಡು ಬರೋದಾ?' ಎಂದು ಕೇಳಿದ ಗೆಳೆಯನೇ ಹಿಂದಿನ ವಾರ ಕಲ್ಲಿನ ಕೆಳಗಿನ ಡಬ್ಬಿಗಾಗಿ ಎರಡು ಗಂಟೆ ಬರೀ ಕಲ್ಲು ನೋಡಿದ್ದ.

ನಾನು ಅವನಂಥವನಲ್ಲ. ಬಿಡುವು ಮಾಡಿಕೊಂಡು ಒಂದು ನಿಜವಾದ ಬೆಟ್ಟಕ್ಕೆ ಹೋದೆ. ನೆಲಕ್ಕೆ ಮೂರೂವರೆ. ನನ್ನ ಪಟ್ಟಿಯಲ್ಲಿ ಆ ಒಂದು ಮನೆ ಖಾಲಿ ಇತ್ತು, ಅದು ಬೇರೆ ಮಾತು. ತುದಿಯಲ್ಲಿ ವಯಸ್ಸಾದ ಒಬ್ಬರು ಕೂತಿದ್ದರು. ಮಗಲ್! ನಾನು ಸುಮ್ಮನೆ ಅತ್ತಿತ್ತ ನೋಡುತ್ತ, ಬಗ್ಗುತ್ತ, ಕಲ್ಲು ಸರಿಸುತ್ತ ಇಪ್ಪತ್ತು ನಿಮಿಷ ಕಳೆದೆ.

'ಏನು ಹುಡುಕ್ತಿದೀರಿ?' ಎಂದು ಕೇಳಿದರು.

'ಕೀ ಬಿದ್ದುಹೋಯ್ತು ಯಜಮಾನ್ರೇ.'

'ಓ, ಕೀನಾ? ಆ ಸೀಳು ಬಂಡೆ ಇದೆಯಲ್ಲ, ಅದರ ಕೆಳಗೆ ನೋಡಿ. ಇಲ್ಲಿ ಕೀ ಕಳ್ಕೊಂಡವರಿಗೆಲ್ಲ ಅಲ್ಲೇ ಸಿಗೋದು.'

ಕೈ ಹಾಕಿದೆ. ಡಬ್ಬಿ ಇತ್ತು. ಸಹಿ ಹಾಕುತ್ತಿದ್ದಾಗ ಅವರು ಮತ್ತೆ ಕರೆದರು.

'ಸ್ವಲ್ಪ ಪಕ್ಕಕ್ಕೆ ಸರಿತೀರಾ? ಕಣಿವೆ ಕಾಣ್ತಿಲ್ಲ.'

ಸರಿದೆ. ಇಳಿದು ಬಂದು ಕಾರಲ್ಲಿ ಕೂತ ಕೂಡಲೇ, ಮುಂದೆ ಬರುವವರಿಗೆ ಅನುಕೂಲವಾಗಲಿ ಎಂದು ಜಾಲತಾಣದಲ್ಲೂ ಲಾಗ್ ಬರೆದೆ: 'ಸಿಕ್ಕಿತು. ಮೇಲೆ ಮಗಲ್ ಕಾಟ ಜಾಸ್ತಿ.'