ಪ್ಯಾರಿಸ್‌ಗೆ ಸೈಕಲ್ ಒಯ್ಯುವವರು ಮೊದಲು ಟಿಕೆಟ್ ನೋಡಲಿ

ಮುಂದಿನ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ 2027ರ ಆಗಸ್ಟ್‌ನಲ್ಲಿ. 1891ರಲ್ಲಿ ಆರಂಭವಾಗಿ, ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಈ 1,200 ಕಿಲೋಮೀಟರ್ ಸೈಕಲ್ ಯಾನಕ್ಕೆ ನಮ್ಮ ಕಡೆಯಿಂದ ಹೋಗುವವರ ಸಂಖ್ಯೆ ಈಗ ಸಣ್ಣದಲ್ಲ. 200, 300, 400, 600 ಕಿಲೋಮೀಟರ್‌ಗಳ ಬ್ರೆವೆಗಳನ್ನು, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರ ಸವಾರಿಗಳನ್ನು, ಮುಗಿಸಿ ಅರ್ಹತೆ ಪಡೆಯಲು ಜನ ವರ್ಷಗಟ್ಟಲೆ ಬೆವರು ಹರಿಸುತ್ತಾರೆ. ಅಷ್ಟೆಲ್ಲ ಮಾಡಿದವರು ಸೈಕಲ್ಲನ್ನು ವಿಮಾನಕ್ಕೆ ಹಾಕುವ ವಿಷಯ ಬಂದಾಗ ಮಾತ್ರ ಯಾವ ಕಂಪನಿಯ ಗಟ್ಟಿ ಪೆಟ್ಟಿಗೆ ಕೊಳ್ಳಬೇಕು ಎಂಬ ಒಂದೇ ಪ್ರಶ್ನೆಗೆ ಅಂಟಿಕೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದು ತೀರಾ ತಡವಾಗಿ ಕೇಳುವ ಪ್ರಶ್ನೆ. ಸೈಕಲ್ ಸುರಕ್ಷಿತವಾಗಿ ತಲುಪುತ್ತದೆಯೋ ಇಲ್ಲವೋ ಎಂಬುದು ಬಹುಪಾಲು ಟಿಕೆಟ್ ಕಾದಿರಿಸಿದ ದಿನವೇ ತೀರ್ಮಾನವಾಗಿರುತ್ತದೆ. ಪೆಟ್ಟಿಗೆಯ ಮಾತು ಆಮೇಲಿನದು, ಅದಕ್ಕೆ ಸಾವಿರಾರು ರೂಪಾಯಿ ಸುರಿಯುವ ಅಗತ್ಯವೂ ಇಲ್ಲ.

ಬೆಂಗಳೂರಿನಿಂದ ಪ್ಯಾರಿಸ್‌ಗೆ ನೇರ ವಿಮಾನವಿದೆ. ದೋಹಾ, ದುಬೈ, ಅಬುಧಾಬಿಗಳಲ್ಲಿ ಬದಲಿಸಿಕೊಂಡು ಹೋಗುವ ದಾರಿಗಳೂ ಇವೆ, ಅವು ಹೆಚ್ಚಿನ ಸಲ ಅಗ್ಗವಾಗಿಯೂ ಇರುತ್ತವೆ. ಆದರೆ ಸೈಕಲ್ ಪೆಟ್ಟಿಗೆಗೆ ಅಪಾಯವಿರುವುದು ಆಕಾಶದಲ್ಲಲ್ಲ, ನೆಲದ ಮೇಲೆ. ವಿಮಾನಕ್ಕೆ ಏರಿಸುವಾಗ, ಇಳಿಸುವಾಗ, ಇನ್ನೊಂದು ವಿಮಾನಕ್ಕೆ ಸಾಗಿಸುವಾಗ ಅದು ಬೀಳುತ್ತದೆ, ಅದರ ಮೇಲೆ ಬೇರೆ ಸಾಮಾನು ಬೀಳುತ್ತದೆ. ಒಂದು ಬದಲಾವಣೆ ಎಂದರೆ ಈ ಏರಿಳಿತವೆಲ್ಲ ಎರಡು ಸಲ. ಅದೂ ಅಲ್ಲದೆ, ಸಾಮಾನ್ಯ ಸೂಟ್‌ಕೇಸ್‌ಗಳು ಬೆಲ್ಟಿನ ಮೇಲೆ ತಾವಾಗಿಯೇ ಹರಿದುಹೋಗುವಾಗ ದೊಡ್ಡ ಗಾತ್ರದ ಸಾಮಾನನ್ನು ಯಾರಾದರೂ ಕೈಯಾರೆ ಹೊತ್ತು ಸಾಗಿಸಬೇಕಾಗುತ್ತದೆ. ನಡುವೆ ಒಂದು ಗಂಟೆಯ ಬಿಡುವಷ್ಟೇ ಇದ್ದರೆ ಪ್ರಯಾಣಿಕ ಓಡಿಹೋಗಿ ಎರಡನೆಯ ವಿಮಾನ ಹಿಡಿದಾನು, ಪೆಟ್ಟಿಗೆ ಹಿಡಿಯುವುದು ಅನುಮಾನ. ಬದಲಿಸಲೇಬೇಕಾದರೆ ಮೂರು ಗಂಟೆಯ ಬಿಡುವಿರುವ ಟಿಕೆಟ್ಟನ್ನು ಆರಿಸಿಕೊಳ್ಳಿ. ನಿಲ್ದಾಣದಲ್ಲಿ ಕುಳಿತು ಆಕಳಿಸುವ ಆ ಹೊತ್ತು ವ್ಯರ್ಥವಲ್ಲ. ಹಣ ಉಳಿಸಲು ಎರಡು ಬೇರೆಬೇರೆ ಟಿಕೆಟ್‌ಗಳನ್ನು ಜೋಡಿಸಿಕೊಳ್ಳುವವರೂ ಇದ್ದಾರೆ. ಅಂಥವರು ನಡುವಿನ ಊರಿನಲ್ಲಿ ಪೆಟ್ಟಿಗೆಯನ್ನು ತಾವೇ ಪಡೆದು ಮತ್ತೆ ಚೆಕ್‌-ಇನ್ ಮಾಡಬೇಕಾಗಬಹುದು, ಅದಕ್ಕಾಗಿ ಆ ದೇಶದ ವೀಸಾ ಕೂಡ ಬೇಕಾಗಬಹುದು.

ಇನ್ನು ತೂಕದ ಲೆಕ್ಕ. ಕೆಲವು ಟಿಕೆಟ್‌ಗಳು ನಗಗಳ (ಬಿಡಿ ಲಗೇಜುಗಳ) ಲೆಕ್ಕದವು, ಅಂದರೆ 23 ಕಿಲೋ ತೂಗುವ ಇಷ್ಟು ನಗ ಎಂದು ಹೇಳುತ್ತವೆ. ಕೆಲವು ಒಟ್ಟು ತೂಕದ ಲೆಕ್ಕದವು. ನಗದ ಲೆಕ್ಕದಲ್ಲಿ ಉದ್ದ, ಅಗಲ, ಎತ್ತರ ಮೂರನ್ನೂ ಕೂಡಿದರೆ 158 ಸೆಂಟಿಮೀಟರ್ ಮೀರಬಾರದೆಂಬುದು ಬಹುತೇಕ ಸಂಸ್ಥೆಗಳ ನಿಯಮ. ಸೈಕಲ್ ಪೆಟ್ಟಿಗೆಯ ಉದ್ದವೊಂದೇ 140 ಸೆಂಟಿಮೀಟರ್‌ನ ಆಸುಪಾಸು ಇರುವುದರಿಂದ ಆ ನಿಯಮವನ್ನು ಅದು ಎಂದೂ ಪಾಲಿಸಲಾರದು. ಹಾಗಾಗಿ ಕ್ರೀಡಾ ಸಾಮಗ್ರಿಗೆಂದೇ ಆ ಸಂಸ್ಥೆ ಮಾಡಿರುವ ಪ್ರತ್ಯೇಕ ನಿಯಮವನ್ನು ಹುಡುಕಿ ಓದಬೇಕು. ಕೆಲವರು ಸೈಕಲ್ಲನ್ನು ನಿಮ್ಮ ಪಾಲಿನ ತೂಕದೊಳಗೇ ಸೇರಿಸಿಕೊಳ್ಳುತ್ತಾರೆ, ಕೆಲವರು ಪ್ರತಿ ದಿಕ್ಕಿಗೂ ಬೇರೆ ಶುಲ್ಕ ಕೇಳುತ್ತಾರೆ. ಟಿಕೆಟ್ ಮಾರಿದವರು ಒಬ್ಬರು, ವಿಮಾನ ಹಾರಿಸುವವರು ಇನ್ನೊಬ್ಬರಾದರಂತೂ ಇಬ್ಬರ ನಿಯಮವೂ ಬೇರೆಯಾಗಿರಬಹುದು. ಫೋನಿನಲ್ಲಿ ‘ಆಗುತ್ತದೆ ಸರ್’ ಎಂದವರ ಮಾತು ಬೆಳಗಿನ ಜಾವದ ಕೌಂಟರಿನಲ್ಲಿ ನಡೆಯುವುದಿಲ್ಲ. ಸೈಕಲ್ ತರುತ್ತಿದ್ದೇನೆ ಎಂದು ಮುಂಚಿತವಾಗಿ ತಿಳಿಸಿ, ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆದು, ಅದರ ಪ್ರತಿಯನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಬೇಕು. ಕೊನೆಯ ಹಂತದಲ್ಲಿ ಸಣ್ಣ ವಿಮಾನವಿದ್ದರೆ ಅದರ ಸರಕು ಬಾಗಿಲಿನಲ್ಲಿ ಪೆಟ್ಟಿಗೆ ನುಗ್ಗುವುದೇ ಎಂಬುದನ್ನೂ ಆಗಲೇ ಕೇಳಬೇಕು.

ಈ ತೂಕದ ಲೆಕ್ಕದಲ್ಲೇ ಗಟ್ಟಿ ಪೆಟ್ಟಿಗೆ ಸೋಲುತ್ತದೆ. ಅದರ ಸ್ವಂತ ತೂಕವೇ ಹತ್ತು ಕಿಲೋ ದಾಟುತ್ತದೆ. ದೂರ ಸವಾರಿಯ ಸೈಕಲ್ ಇನ್ನೊಂದು ಹತ್ತು, ಹನ್ನೊಂದು ಕಿಲೋ. 23ರ ಗಡಿಯೊಳಗೆ ಪಂಪಿಗೂ ಜಾಗ ಉಳಿಯುವುದಿಲ್ಲ. ಹೊಸ ಸೈಕಲ್ ಬರುವ ರಟ್ಟಿನ ಡಬ್ಬ ಗಟ್ಟಿ ಪೆಟ್ಟಿಗೆಯ ಅರ್ಧದಷ್ಟೂ ತೂಗುವುದಿಲ್ಲ, ಮತ್ತು ನಿಮ್ಮ ಬಡಾವಣೆಯ ಸೈಕಲ್ ಅಂಗಡಿಯವರು ವಾರ ಮೊದಲೇ ಹೇಳಿಟ್ಟರೆ ಬಿಸಾಡುವ ಬದಲು ನಿಮಗೆ ಎತ್ತಿಡುತ್ತಾರೆ. ಕಾರ್ಬನ್ ಚೌಕಟ್ಟಿನವರು ಗಟ್ಟಿ ಪೆಟ್ಟಿಗೆಯೇ ಬೇಕು ಎನ್ನುತ್ತಾರೆ. ಅವರ ಭಯ ನನಗೆ ಅರ್ಥವಾಗುತ್ತದೆ, ಆದರೂ ರಟ್ಟಿನ ಡಬ್ಬವನ್ನು ಸರಿಯಾಗಿ ತುಂಬಿದರೆ ಸಾಕೆಂಬ ನನ್ನ ನಿಲುವು ಬದಲಾಗಿಲ್ಲ. ಇಂಗ್ಲೆಂಡಿನ ಹಳೆಯ ಪ್ರವಾಸಿಗಳಲ್ಲಿ ಸೈಕಲ್ಲನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಡುವ ರೂಢಿಯೂ ಇದೆ. ಒಳಗಿರುವುದು ಸೈಕಲ್ ಎಂದು ಕಣ್ಣಿಗೆ ಕಂಡರೆ ಹೊರುವವರು ಅದರ ಮೇಲೆ ಸೂಟ್‌ಕೇಸ್ ಪೇರಿಸುವುದಿಲ್ಲ ಎಂಬುದು ಅವರ ವಾದ. ವಾದದಲ್ಲಿ ಹುರುಳಿದೆ, ಆದರೆ ಬದಲಾವಣೆಯಿರುವ ಪ್ರಯಾಣದಲ್ಲಿ ಅದನ್ನು ಮಾಡಲು ನನಗೆ ಧೈರ್ಯವಿಲ್ಲ.

ಸರಿಯಾಗಿ ತುಂಬುವುದು ಎಂದರೇನೆಂದು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೆಚ್ಚಿನ ಹಾನಿ ಆಗುವುದು ಎರಡೇ ಜಾಗಗಳಲ್ಲಿ. ಮೊದಲನೆಯದು ಸರಪಳಿಯನ್ನು ಗೇರಿನಿಂದ ಗೇರಿಗೆ ಸರಿಸುವ ಹಿಂದಿನ ಡಿರೈಲರ್ ಹಾಗೂ ಅದು ತೂಗುವ ಹ್ಯಾಂಗರ್. ಡಬ್ಬ ಬಲಮಗ್ಗುಲಿಗೆ ಬಿದ್ದರೆ ಮೊದಲು ಬಾಗುವುದು ಈ ಹ್ಯಾಂಗರ್. ಅದು ಉದ್ದೇಶಪೂರ್ವಕವಾಗಿಯೇ ಮೆತ್ತಗಿನ ಲೋಹದ್ದು, ಚೌಕಟ್ಟು ಉಳಿಯಲೆಂದು ತಾನು ಬಾಗುವಂಥದ್ದು. ಡಿರೈಲರನ್ನು ಕಳಚಿ, ಬಟ್ಟೆ ಸುತ್ತಿ, ಸರಪಳಿಯ ಸಮೇತ ಚೌಕಟ್ಟಿನ ಒಳಮಗ್ಗುಲಿಗೆ ಕಟ್ಟಿಬಿಟ್ಟರೆ ಅರ್ಧ ಚಿಂತೆ ಕಳೆಯಿತು. ನಿಮ್ಮ ಸೈಕಲ್ ಮಾದರಿಗೆ ಹೊಂದುವ ಇನ್ನೊಂದು ಹ್ಯಾಂಗರ್ ಜೊತೆಗಿರಲಿ. ಆಗಸ್ಟ್‌ನಲ್ಲಿ ಫ್ರಾನ್ಸಿನ ಸಣ್ಣ ಊರುಗಳ ಅಂಗಡಿಗಳು ರಜೆಯಲ್ಲಿರುವುದು ಸಾಮಾನ್ಯ. ಎರಡನೆಯದು ಮುಂದಿನ ಫೋರ್ಕ್. ಚಕ್ರ ತೆಗೆದ ಮೇಲೆ ಅದರ ಎರಡು ಕಾಲುಗಳ ನಡುವೆ ಏನೂ ಇಲ್ಲದಿದ್ದರೆ ಸಣ್ಣ ಒತ್ತಡಕ್ಕೂ ಒಳಬಾಗುತ್ತದೆ. ಹೊಸ ಸೈಕಲ್ ಬರುವಾಗ ಅಲ್ಲಿ ಒಂದು ಪ್ಲಾಸ್ಟಿಕ್ ಅಡ್ಡತುಂಡು ಇರುತ್ತದೆ, ಡಬ್ಬದ ಜೊತೆ ಅದನ್ನೂ ಕೇಳಿ ತನ್ನಿ. ಡಿಸ್ಕ್ ಬ್ರೇಕ್ ಇರುವವರು ಪ್ಯಾಡ್‌ಗಳ ನಡುವೆಯೂ ಒಂದು ತುಂಡು ಸಿಕ್ಕಿಸಬೇಕು. ಇಲ್ಲವಾದರೆ ಲಿವರ್ ಒತ್ತಿಹೋಗಿ ಪಿಸ್ಟನ್‌ಗಳು ಮುಚ್ಚಿಕೊಂಡು ಡಿಸ್ಕ್ ಒಳಗೇ ಹೋಗದಂತಾಗುತ್ತದೆ. ಸೀಟಿನ ಕಂಬ ಇಳಿಸುವ ಮುನ್ನ ಅದರ ಎತ್ತರಕ್ಕೆ ಟೇಪ್ ಸುತ್ತಿ ಗುರುತು ಮಾಡುವುದು ಬಹಳ ಸಣ್ಣ ಕೆಲಸ, ಆದರೆ 1,200 ಕಿಲೋಮೀಟರ್‌ನಲ್ಲಿ ಮೊಣಕಾಲು ಅದರ ಬೆಲೆಯನ್ನು ತಿಳಿಸುತ್ತದೆ. ಪೆಡಲ್ ಬಿಚ್ಚುವಾಗ ಎಡಗಡೆಯದರ ತಿರುಪು ಉಲ್ಟಾ ಎಂಬುದನ್ನು ನೆನಪಿಟ್ಟುಕೊಳ್ಳಿ.

ಟೈರಿನ ಗಾಳಿಯ ಬಗ್ಗೆ ಇರುವ ಭಯ ಮಾತ್ರ ಅತಿಯಾದದ್ದು. ಸರಕು ಇಡುವ ಕೆಳಗಿನ ಭಾಗಕ್ಕೂ ಪ್ರಯಾಣಿಕರ ಭಾಗದಷ್ಟೇ ಗಾಳಿಯ ಒತ್ತಡವಿರುತ್ತದೆ. ಆ ಒತ್ತಡ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿನದಕ್ಕಿಂತ ಕಡಿಮೆಯಾಗುವುದಿಲ್ಲ. ಬೆಂಗಳೂರೇ 900 ಮೀಟರ್ ಎತ್ತರದಲ್ಲಿದೆ. ಲೆಕ್ಕ ಹಾಕಿದರೆ 80 ಪಿಎಸ್‌ಐ ತುಂಬಿದ ಟೈರ್ ಒಳಗೆ ಹೆಚ್ಚುವುದು ಎರಡು ಮೂರು ಪಿಎಸ್‌ಐ ಮಾತ್ರ, ಅಷ್ಟಕ್ಕೆ ಟೈರ್ ಸಿಡಿಯುವುದಿಲ್ಲ. ಆದರೂ ಕೌಂಟರಿನಲ್ಲಿ ಭೌತಶಾಸ್ತ್ರ ಬೋಧಿಸಿ ಗೆದ್ದವರಿಲ್ಲ. ಅರ್ಧ ಗಾಳಿ ಬಿಟ್ಟು, ಅರ್ಧ ಉಳಿಸಿ. ಡಬ್ಬ ಬಿದ್ದಾಗ ಆ ಅರ್ಧ ಗಾಳಿಯೇ ರಿಮ್ ಕಾಯುತ್ತದೆ.

ಬ್ಯಾಟರಿಯ ವಿಷಯದಲ್ಲಿ ಹಾಗೆ ಸಡಿಲ ಬಿಡುವಂತಿಲ್ಲ. ಪವರ್ ಬ್ಯಾಂಕ್ ಹಾಗೂ ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು, ಡಬ್ಬದಲ್ಲಿ ಸಲ್ಲವು. 100 ವ್ಯಾಟ್-ಅವರ್ ಒಳಗಿನವು ಸರಿ. 100ರಿಂದ 160ರವರೆಗಿನವಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. 20,000 ಎಂಎಎಚ್ ಪವರ್ ಬ್ಯಾಂಕ್ ಎಂದರೆ 74 ವ್ಯಾಟ್-ಅವರ್. ವಿದ್ಯುತ್ ಸೈಕಲ್‌ಗಳ ಬ್ಯಾಟರಿ ಸಾಮಾನ್ಯವಾಗಿ 300 ದಾಟುವುದರಿಂದ ಅದನ್ನು ಪ್ರಯಾಣಿಕ ವಿಮಾನದಲ್ಲಿ ಒಯ್ಯುವ ಮಾತೇ ಇಲ್ಲ. ಕೈಚೀಲದಲ್ಲಿ ಇವುಗಳ ಜೊತೆ ಹೆಲ್ಮೆಟ್, ಸವಾರಿಯ ಬಟ್ಟೆ ಮತ್ತು ಶೂ ಇರಲಿ. ಡಬ್ಬ ತಡವಾದರೂ ಬಾಡಿಗೆ ಸೈಕಲ್ ಹಿಡಿಯಬಹುದು, ಕಾಲಿಗೆ ಒಗ್ಗಿದ ಶೂ ಬಾಡಿಗೆಗೆ ಸಿಗುವುದಿಲ್ಲ.

ದೇಹವೂ ಒಂದು ಸಾಮಾನೇ. ಯುರೋಪಿನ ಕಡೆಗಿನ ನಮ್ಮ ವಿಮಾನಗಳು ಹೆಚ್ಚಾಗಿ ನಡುರಾತ್ರಿಯ ನಂತರ ಹೊರಡುತ್ತವೆ, ಮತ್ತು ಜನ ಅದೇ ಸಂಜೆ ಸೈಕಲ್ ಬಿಚ್ಚಲು ಕೂರುತ್ತಾರೆ. ಡಬ್ಬವನ್ನು ಎರಡು ದಿನ ಮೊದಲೇ ಕಟ್ಟಿ ಮುಗಿಸಬೇಕು. ಡಬ್ಬ ಹಿಡಿಸುವ ಗಾಡಿಯನ್ನೂ ಹೇಳಿಟ್ಟಿರಬೇಕು, ಏಕೆಂದರೆ ಸಾಮಾನ್ಯ ಟ್ಯಾಕ್ಸಿಯ ಡಿಕ್ಕಿಯಲ್ಲಿ ಅದು ಕೂರುವುದಿಲ್ಲ. ಹಿಂದಿನ ಸೀಟು ಮಡಚಿದ ಇನ್ನೋವಾ ಬೇಕು. ಬೇಸಿಗೆಯಲ್ಲಿ ಫ್ರಾನ್ಸ್ ನಮಗಿಂತ ಮೂರೂವರೆ ಗಂಟೆ ಹಿಂದೆ. ಪಶ್ಚಿಮದ ಕಡೆಯ ಪ್ರಯಾಣವಾದ್ದರಿಂದ ಹೊಂದಿಕೊಳ್ಳುವುದು ಕಷ್ಟವಲ್ಲ, ಆದರೆ 90 ಗಂಟೆಗಳ ಗಡುವಿನಲ್ಲಿ ನಿದ್ದೆಗೆಟ್ಟು ಓಡಿಸಬೇಕಾದವರು ಮೊದಲೇ ನಿದ್ದೆಯ ಸಾಲ ಮಾಡಿಕೊಂಡು ಹೋಗಬಾರದು. ನಾಲ್ಕೈದು ದಿನ ಮುಂಚೆ ತಲುಪಿದರೆ ಕಾಲಿನ ಬಾವು ಇಳಿಯುತ್ತದೆ, ಸೈಕಲ್ ಜೋಡಿಸಿ ಪ್ಯಾರಿಸ್ ಬಳಿಯ ರಾಂಬುಯೇ ಕಾಡಿನ ರಸ್ತೆಗಳಲ್ಲಿ ಒಂದು ಸುತ್ತು ಹೋಗಿ ಗೇರ್ ಸರಿಯಿದೆಯೇ ನೋಡಲು ಸಮಯ ಸಿಗುತ್ತದೆ, ತಪ್ಪಿಹೋದ ಡಬ್ಬ ಹಿಂದಿನಿಂದ ಬಂದು ಸೇರಲೂ ಅವಕಾಶವಿರುತ್ತದೆ. ಹೋಟೆಲಿನ ಬಾಡಿಗೆ ಹೆಚ್ಚಾಗುತ್ತದೆ, ನಿಜ. ಗಟ್ಟಿ ಪೆಟ್ಟಿಗೆಗೆಂದು ಎತ್ತಿಟ್ಟ ಹಣವನ್ನು ಅದಕ್ಕೇ ಬಳಸಿ ಎನ್ನುತ್ತೇನೆ. ಖಾಲಿ ಡಬ್ಬವನ್ನು ಮರಳುವವರೆಗೆ ಇಟ್ಟುಕೊಳ್ಳುವಿರಾ ಎಂದು ಹೋಟೆಲಿನವರನ್ನು ಕೊಠಡಿ ಕಾದಿರಿಸುವಾಗಲೇ ಕೇಳಿ.

ಹಾನಿಯಾದರೆ ಕಾನೂನು ನಿಮ್ಮ ಕಡೆಗಿದೆ, ಆದರೆ ಗಡುವಿನೊಳಗೆ ಕೇಳಿದವರಿಗೆ ಮಾತ್ರ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ವಿಮಾನ ಸಂಸ್ಥೆಗಳ ಹೊಣೆಯನ್ನು ಗೊತ್ತುಮಾಡುವ 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 2009ರಲ್ಲಿ ಸೇರಿತು. ಅದರ ಪ್ರಕಾರ ಲಗೇಜಿನ ಹಾನಿ ಅಥವಾ ನಷ್ಟಕ್ಕೆ ಪ್ರಯಾಣಿಕನೊಬ್ಬನಿಗೆ ಸಿಗಬಹುದಾದ ಗರಿಷ್ಠ ಪರಿಹಾರ 2024ರ ಡಿಸೆಂಬರ್ 28ರಿಂದ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ), ರೂಪಾಯಿಯಲ್ಲಿ ಒಂದೂಮುಕ್ಕಾಲರಿಂದ ಎರಡು ಲಕ್ಷದ ಆಸುಪಾಸು. ನಿಮ್ಮ ಸೈಕಲ್ ಅದಕ್ಕಿಂತ ದುಬಾರಿಯಾದರೆ ಪ್ರತ್ಯೇಕ ವಿಮೆ ಬೇಕು. ಡಬ್ಬ ಹರಿದಿದ್ದರೆ ನಿಲ್ದಾಣದಿಂದ ಹೊರಬರುವ ಮುನ್ನವೇ ತೆರೆದು ನೋಡಿ, ಫೋಟೊ ತೆಗೆದು, ಲಗೇಜ್ ಕೌಂಟರಿನಲ್ಲಿ ವರದಿ ಬರೆಸಿ. ಹಾನಿಯ ಲಿಖಿತ ದೂರಿಗೆ 7 ದಿನ, ತಡವಾದದ್ದಕ್ಕೆ ಸಾಮಾನು ಕೈಸೇರಿದ ಮೇಲೆ 21 ದಿನ ಕಾಲಾವಕಾಶವಿದೆ.

ನಮ್ಮವರು ಸಾಮಾನ್ಯವಾಗಿ ಮರೆಯುವ ಕಾಗದ ಇನ್ನೊಂದಿದೆ. ದುಬಾರಿ ಸೈಕಲ್ಲನ್ನು ಹೊರಗೆ ಒಯ್ದು ಮರಳಿ ತರುವಾಗ, ಇದನ್ನು ವಿದೇಶದಲ್ಲಿ ಕೊಂಡದ್ದಲ್ಲವೇ ಎಂದು ಕಸ್ಟಮ್ಸ್‌ನವರು ಕೇಳಬಹುದು. ಹೊರಡುವಾಗಲೇ ಅವರಿಂದ ರಫ್ತು ಪ್ರಮಾಣಪತ್ರ ಪಡೆದಿದ್ದರೆ ಸುಂಕದ ಮಾತು ಬರುವುದಿಲ್ಲ. ಅದಕ್ಕೆ ಅವರು ಸೈಕಲ್ಲನ್ನು ನೋಡಿ ಚೌಕಟ್ಟಿನ ಸಂಖ್ಯೆ ಬರೆದುಕೊಳ್ಳಬೇಕಾಗುತ್ತದೆ. ಆದ್ದರಿಂದ ಕೊಂಡ ರಸೀದಿ ಮತ್ತು ಆ ಸಂಖ್ಯೆಯ ಫೋಟೊ ಕೈಯಲ್ಲಿರಲಿ, ಡಬ್ಬವನ್ನು ವಿಮಾನದವರಿಗೆ ಒಪ್ಪಿಸುವ ಮುನ್ನವೇ ಕಸ್ಟಮ್ಸ್ ಮೇಜಿಗೆ ಹೋಗಿ, ಮತ್ತೆ ಅಂಟಿಸಲು ಟೇಪಿನ ಸುರುಳಿಯೊಂದು ಜೊತೆಗಿರಲಿ.